ಮಾಸ್ಕ್ ನಿಮ್ಮದಿರಲಿ, ರೆಗ್ಯುಲೇಟರ್ ಸದ್ಯಕ್ಕೆ ತರಬೇತಿ ಕೇಂದ್ರದ್ದಿರಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಬಳ್ಳಾರಿ, ತೋರಣಗಲ್ಲು, ಗಂಗಾವತಿ, ರಾಯಚೂರು ಕಡೆಯಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಕಲಿಯುವವರು ಈಗ ಅಪರೂಪವೇನಲ್ಲ. ಗೋವಾ, ತಾರಕರ್ಲಿ, ಅಂಡಮಾನ್‌ವರೆಗೆ ಹೋಗುವವರೂ ಇದ್ದಾರೆ. ಹೊರಡುವ ಮುಂಚೆ ಅವರೆಲ್ಲ ಕೇಳುವ ಮಾತು ಒಂದೇ: ಸಲಕರಣೆ ನಮ್ಮದೇ ಒಯ್ದರೆ ಆಗುತ್ತದೆಯೇ? ಕೆಲವು ತರಬೇತಿ ಕೇಂದ್ರಗಳು ‘ಏನೂ ತರಬೇಡಿ’ ಎನ್ನುತ್ತವೆ. ಇನ್ನು ಕೆಲವು ಏನು ತಂದರೂ ನೋಡದೆ ಒಪ್ಪುತ್ತವೆ. ಎರಡೂ ಸರಿಯಲ್ಲ. ಯಾವುದನ್ನು ಒಯ್ಯಬೇಕು, ಯಾವುದನ್ನು ಕಲಿಕೆ ಮುಗಿಯುವವರೆಗೆ ಮುಟ್ಟಬಾರದು ಎಂಬುದನ್ನು ಕಾರಣಸಹಿತ ತಿಳಿಸಲು ಈ ಪತ್ರ.

ಒಂದೇ ಒಂದು ವಸ್ತು ಕೊಳ್ಳುವಷ್ಟು ಹಣವಿದ್ದರೆ ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಕೊಳ್ಳಿ. ಮುಖ ಒಬ್ಬೊಬ್ಬರದು ಒಂದೊಂದು ಬಗೆ. ಕೇಂದ್ರದ ಡಬ್ಬಿಯಲ್ಲಿ ಹತ್ತು ಮಾಸ್ಕ್ ಇದ್ದರೂ ನಿಮ್ಮ ಹಣೆಗೂ ಕೆನ್ನೆಗೂ ಕೂರುವಂಥದ್ದು ಅದರಲ್ಲಿ ಇರಲೇಬೇಕೆಂದಿಲ್ಲ. ಹೊಸಬರು ನೀರೊಳಗೆ ಗಾಬರಿಯಾಗುವುದು ಹೆಚ್ಚಾಗಿ ಮಾಸ್ಕ್‌ಗೆ ನೀರು ನುಗ್ಗಿದಾಗ. ಬಾಯಲ್ಲಿ ಗಾಳಿ ಸರಿಯಾಗಿ ಬರುತ್ತಿದ್ದರೂ ಮೂಗಿಗೆ ನೀರು ತಾಗಿದ ಕೂಡಲೇ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುವ ಮನಸ್ಸಾಗುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿ ಎದೆ ತುಂಬ ತೆಗೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಡದಿದ್ದರೆ ಶ್ವಾಸಕೋಶ ಹರಿದುಹೋಗಬಹುದು. ಸೋರುವ ಮಾಸ್ಕ್‌ ಬರೀ ಕಿರಿಕಿರಿಯ ವಿಷಯವಲ್ಲ ಎನ್ನುವುದು ಇದಕ್ಕೇ.

ಅಂಗಡಿಯಲ್ಲಿ ಮಾಸ್ಕ್ ಆರಿಸುವಾಗ ಪಟ್ಟಿಯನ್ನು ತಲೆಗೆ ಹಾಕಬೇಡಿ. ಗಾಜಿನ ಮುಂದಕ್ಕೆ ಮಡಚಿ, ಮಾಸ್ಕ್ ಅನ್ನು ಮುಖಕ್ಕೆ ಮೆಲ್ಲಗೆ ತಾಗಿಸಿ, ಮೂಗಿನಿಂದ ಸ್ವಲ್ಪ ಉಸಿರು ಎಳೆದು ಹಿಡಿಯಿರಿ. ಕೈ ಬಿಟ್ಟರೂ ಅದು ಬೀಳದೆ ಕೂರಬೇಕು. ಬಾಯಲ್ಲಿ ಸ್ನಾರ್ಕೆಲ್ (ಮೇಲ್ಮೈಯಲ್ಲಿ ಉಸಿರಾಡುವ ಕೊಳವೆ) ಕಚ್ಚಿಕೊಂಡು ಇನ್ನೊಮ್ಮೆ ನೋಡಿ. ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗುತ್ತದೆ. ಮೂಗು ಮಾಸ್ಕ್‌ನೊಳಗೇ ಇರಬೇಕು, ಹೊರಗಿನಿಂದ ಎರಡು ಬೆರಳಲ್ಲಿ ಮೂಗು ಹಿಂಡಲು ಬರಬೇಕು. ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಮೂಗು ಹಿಂಡಿ ಊದಲೇಬೇಕು, ಮಾಸ್ಕ್‌ನೊಳಗಿನ ಒತ್ತಡ ಸರಿಮಾಡಲು ಮೂಗಿನಿಂದ ಗಾಳಿ ಬಿಡಲೇಬೇಕು. ಈಜುಕೊಳದ ಗಾಗಲ್ಸ್ ಇಲ್ಲಿ ಬರುವುದಿಲ್ಲವೆನ್ನುವುದೂ ಇದೇ ಕಾರಣಕ್ಕೆ. ಅದರೊಳಕ್ಕೆ ಗಾಳಿ ತುಂಬಲು ದಾರಿಯಿಲ್ಲ, ಆಳಕ್ಕೆ ಹೋದಂತೆ ಅದು ಕಣ್ಣುಗಳನ್ನು ಹೀರಿ ಹಿಡಿಯುತ್ತದೆ, ಕಣ್ಣಿನ ಬಿಳಿಭಾಗದಲ್ಲಿ ರಕ್ತ ಕಟ್ಟುತ್ತದೆ. ಇಡೀ ಮುಖ ಮುಚ್ಚುವ, ಮೇಲೆ ಕೊಳವೆಯಿರುವ ಸ್ನಾರ್ಕೆಲಿಂಗ್ ಮಾಸ್ಕ್‌ಗಳನ್ನೂ ಸ್ಕೂಬಾಗೆ ತರಬೇಡಿ. ಅದರೊಳಗೆ ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಕಚ್ಚಲು ಜಾಗವೇ ಇಲ್ಲ.

ಗಾಜು ಟೆಂಪರ್ಡ್ (ಹದಗೊಳಿಸಿದ ಗಟ್ಟಿ ಗಾಜು) ಆಗಿರಲಿ, ಮುಖಕ್ಕೆ ತಾಗುವ ಅಂಚು, ಅಂದರೆ ಸ್ಕರ್ಟ್ ಸಿಲಿಕೋನ್‌ನದಿರಲಿ. ಅಗ್ಗದ ಪಿವಿಸಿ ಸ್ಕರ್ಟ್ ಗಡುಸಾಗಿ ಮುಖಕ್ಕೆ ಅಂಟುವುದಿಲ್ಲ. ಹೊಸ ಮಾಸ್ಕ್‌ನ ಗಾಜಿನ ಒಳಮೈಗೆ ಸಿಲಿಕೋನ್‌ನ ತೆಳು ಪೊರೆ ಇರುತ್ತದೆ, ಅದನ್ನು ತೆಗೆಯದೆ ನೀರಿಗಿಳಿದರೆ ಎಷ್ಟು ಸಲ ತೊಳೆದರೂ ಮಂಜು ಕಟ್ಟುತ್ತಲೇ ಇರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಗಾಜಿನ ಒಳಮೈಗೆ ಹಚ್ಚಿ, ಬೆರಳಿನಿಂದ ಐದು ನಿಮಿಷ ಉಜ್ಜಿ ತೊಳೆಯಿರಿ. ಹೀಗೆ ಮೂರು ನಾಲ್ಕು ಸಲ. ಲೈಟರ್‌ನ ಉರಿ ಹಿಡಿದು ಪೊರೆ ಸುಡುವ ವಿಡಿಯೊಗಳನ್ನು ನೋಡಿ ಮೋಸಹೋಗಬೇಡಿ, ಸ್ಕರ್ಟ್ ಸುಟ್ಟು ಹೋದೀತು. ಒಳಮೈಗೆ ಲೇಪನವಿರುವ ಗಾಜಿಗೆ ಟೂತ್‌ಪೇಸ್ಟ್ ಕೂಡ ಬೇಡ.

ಕನ್ನಡಕ ಹಾಕುವವರಿಗೆ ಇನ್ನೊಂದು ಮಾತು. ಕನ್ನಡಕದ ಕಡ್ಡಿ ಸ್ಕರ್ಟ್‌ನ ಅಡಿಯಲ್ಲಿ ಸಿಕ್ಕಿದರೆ ಮಾಸ್ಕ್ ಸೋರುವುದು ಖಂಡಿತ. ನೀರೊಳಗೆ ಮಾಸ್ಕ್‌ನ ಗಾಜಿನ ಮೂಲಕ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲುಭಾಗ ಹತ್ತಿರವಾಗಿ ಕಾಣುತ್ತವೆ. ಹಾಗಾಗಿ ಮೈನಸ್ 1ರ ಆಸುಪಾಸಿನವರು ಬರಿಗಣ್ಣಲ್ಲೇ ಸಂಭಾಳಿಸುತ್ತಾರೆ. ಅದಕ್ಕಿಂತ ಹೆಚ್ಚಿದ್ದವರು ಎರಡು ಗಾಜಿನ ಮಾಸ್ಕ್ ಕೊಂಡು ಪವರ್ ಗಾಜು ಹಾಕಿಸಬೇಕು. ಅರ್ಧರ್ಧ ಪಾಯಿಂಟಿನ ಅಂತರದಲ್ಲಿ ಸಿದ್ಧ ಗಾಜುಗಳು ಸಿಗುತ್ತವೆ. ರೆಗ್ಯುಲೇಟರ್‌ನ ಪ್ರೆಷರ್ ಗೇಜ್ ಓದಲಾಗದವರು ತಮ್ಮ ಗಾಳಿಯ ಲೆಕ್ಕವನ್ನು ಬೇರೆಯವರ ಕೈಗೆ ಕೊಟ್ಟಂತೆ. ಆದ್ದರಿಂದ ಪವರ್ ಮಾಸ್ಕ್ ತಂದವರನ್ನು ಯಾವ ಕೇಂದ್ರವೂ ಹಿಂದೆ ಕಳಿಸಬಾರದು. ಇದು ನಮ್ಮ ಸ್ಪಷ್ಟ ಬೇಡಿಕೆ.

ನಮ್ಮ ಕಡೆಯ ಗಂಡಸರ ದಪ್ಪ ಮೀಸೆಗೂ ಮಾಸ್ಕ್‌ಗೂ ಸ್ವಲ್ಪ ಜಗಳವಿದೆ. ಮೂಗಿನ ಹೊಳ್ಳೆಯ ಕೆಳಗೆ ಕೂದಲಿನ ನಡುವಿನಿಂದ ನೀರು ಜಿನುಗುತ್ತದೆ. ಮೀಸೆ ಬೋಳಿಸಬೇಕಿಲ್ಲ, ಮೂಗಿಗೆ ತಾಗಿದಂತಿರುವ ಒಂದು ಸಣ್ಣ ಪಟ್ಟಿಯಷ್ಟು ಕತ್ತರಿಸಿದರೆ ಸ್ಕರ್ಟ್‌ಗೆ ಚರ್ಮ ಸಿಗುತ್ತದೆ. ವ್ಯಾಸಲೀನ್ ಸವರಬೇಡಿ, ಬೇಕೆಂದರೆ ಸಿಲಿಕೋನ್ ಗ್ರೀಸ್ ಸಾಕು. ಉದ್ದ ಕೂದಲಿನವರು ಜಡೆಯನ್ನು ಕುತ್ತಿಗೆಯ ಬಳಿ ಕೆಳಗೆ ಕಟ್ಟಿಕೊಳ್ಳಿ, ತುರುಬು ಮೇಲಿದ್ದರೆ ಪಟ್ಟಿ ಜಾರುತ್ತದೆ. ಆ ದಿನ ತಲೆಗೆ ಕೊಬ್ಬರಿ ಎಣ್ಣೆ ಬೇಡ. ದೊಡ್ಡ ಮೂಗುಬೊಟ್ಟು ಇದ್ದರೆ ತೆಗೆದಿಡಿ. ಸೋರುತ್ತಿದೆ ಎಂದು ಪಟ್ಟಿಯನ್ನು ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಸ್ಕರ್ಟ್ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಮಾಸ್ಕ್ ತೆಗೆದು, ಮತ್ತೆ ಹಾಕಿ, ನೀರು ಊದಿ ಹೊರಹಾಕುವ ಪಾಠ ತಪ್ಪುವುದಿಲ್ಲ, ತಪ್ಪಿಸಿಕೊಳ್ಳಲೂಬಾರದು. ಪಾಡಿ (PADI) ಎಂಬ ಸ್ಕೂಬಾ ತರಬೇತಿ ಸಂಸ್ಥೆಯ ಮೊದಲ ಹಂತವಾದ ಓಪನ್ ವಾಟರ್ ಕಲಿಕೆಯಲ್ಲಿ ಮಾಸ್ಕ್ ಇಲ್ಲದೆ ಒಂದು ನಿಮಿಷ ಉಸಿರಾಡಿ ತೋರಿಸಬೇಕು. ಬಾವಿಯಲ್ಲಿ ಬೆಂಡು ಕಟ್ಟಿಕೊಂಡೋ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಹಾರಿಯೋ ಈಜು ಕಲಿತ ನಮ್ಮ ಹುಡುಗರಿಗೆ ನೀರಿನ ಭಯ ಕಡಿಮೆ. ಆದರೆ ಮೂಗಿನಲ್ಲಿ ನೀರಿರುವಾಗ ಬಾಯಿಂದ ಮಾತ್ರ ಉಸಿರಾಡುವುದು ಅವರಿಗೂ ಹೊಸದೇ.

ಕಾಲಿಗೆ ಹಾಕುವ ಈಜುರೆಕ್ಕೆ, ಅಂದರೆ ಫಿನ್ ವಿಷಯ ಬೇಗ ಮುಗಿಯುತ್ತದೆ. ಕಾಲಿಗೆ ಸರಿಯಾಗಿ ಕೂರುವ ಫಿನ್ ಇದ್ದರೆ ಒಯ್ಯಿರಿ. ಬಿಗಿಯಾದರೆ ಪಾದಕ್ಕೆ ಸೆಳೆತ ಹಿಡಿಯುತ್ತದೆ, ಸಡಿಲವಾದರೆ ಹಿಮ್ಮಡಿ ಸುಲಿಯುತ್ತದೆ. ದೋಣಿಯಿಂದ ಇಳಿಯುವ ನೇತ್ರಾಣಿಯಂಥ ಜಾಗಕ್ಕೆ ಪೂರ್ತಿ ಪಾದ ಮುಚ್ಚುವ ಫಿನ್ ಸಾಕು. ಕಲ್ಲು ದಂಡೆಯ ಮೇಲೆ ನಡೆದು ಇಳಿಯುವಲ್ಲಿ ಬೂಟಿನ ಜೊತೆ ಹಾಕುವ ಹಿಂಪಟ್ಟಿಯ ಫಿನ್ ಬೇಕು. ಬೂಟು ಇಲ್ಲದೆ ಅದನ್ನು ಅಳೆದು ಕೊಂಡರೆ ಬೂಟು ಹಾಕಿದ ದಿನ ಕಾಲು ತೂರುವುದಿಲ್ಲ. ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಮುಳುಗುವ ಫ್ರೀಡೈವಿಂಗ್‌ನ ಉದ್ದ ಫಿನ್ ಹೊಸಬರಿಗೆ ಬೇಡ. ಮಂಡಿಯೂರಿ ಕೂರುವಾಗ ಅಡ್ಡ ಬರುತ್ತದೆ, ಪಕ್ಕದವರ ಮಾಸ್ಕ್‌ಗೆ ಬಡಿಯುತ್ತದೆ. ಪಾಡಿಯ ಈಜು ಪರೀಕ್ಷೆಯಲ್ಲಿ ಏನೂ ಹಾಕದೆ 200 ಮೀಟರ್, ಇಲ್ಲವೇ ಮಾಸ್ಕ್, ಸ್ನಾರ್ಕೆಲ್, ಫಿನ್ ಹಾಕಿ 300 ಮೀಟರ್ ಈಜಬಹುದು. ಎರಡನೆಯದನ್ನು ಆರಿಸುವವರಿಗೆ ತಮ್ಮ ಕಾಲಿಗೆ ಒಗ್ಗಿದ ಫಿನ್ ಬಹಳ ಸಹಾಯ. ಸ್ನಾರ್ಕೆಲ್ ಎಡಗಡೆಗೆ, ಯಾಕೆಂದರೆ ರೆಗ್ಯುಲೇಟರ್‌ನ ಪೈಪು ಬಲಗಡೆಯಿಂದ ಬರುತ್ತದೆ.

ಮೈ ಬೆಚ್ಚಗಿಡುವ ರಬ್ಬರಿನ ಉಡುಪು, ವೆಟ್‌ಸೂಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಇಲ್ಲಿ ಲೆಕ್ಕ ತಪ್ಪುವುದು ಹೆಚ್ಚು. ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ 3 ಮಿ.ಮೀ. ಸೂಟು ಸಾಕು. ಸ್ವಂತ ಸೂಟು ಮೈಗೆ ಚೆನ್ನಾಗಿ ಕೂರುತ್ತದೆ, ಒಳಗೆ ನೀರು ಹರಿದಾಡುವುದಿಲ್ಲ, ಚಳಿ ಕಡಿಮೆ. ಆದರೆ ಹೊಸ ನಿಯೋಪ್ರೀನ್ (ಸೂಟಿನ ರಬ್ಬರ್) ಹಳೆಯದಕ್ಕಿಂತ ಹೆಚ್ಚು ತೇಲುತ್ತದೆ, ಅದರೊಳಗಿನ ಗಾಳಿಗುಳ್ಳೆಗಳು ಇನ್ನೂ ಚಪ್ಪಟೆಯಾಗಿರುವುದಿಲ್ಲ. ಕೇಂದ್ರದ ಸವೆದ ಸೂಟಿಗೆ ಲೆಕ್ಕ ಹಾಕಿದ, ಮುಳುಗಲು ಕಟ್ಟಿಕೊಳ್ಳುವ ಸೀಸ ನಿಮ್ಮ ಹೊಸ ಸೂಟಿಗೆ ಸಾಲದು. ಈಜುಕೊಳದಲ್ಲಿ ಸರಿಯಿದ್ದ ಸೀಸ ಕಡಲಲ್ಲೂ ಸಾಲದು. ಕಡಲ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಹೆಚ್ಚು ತೂಕ. ಮೈ, ಸೂಟು, ಸಿಲಿಂಡರ್ ಎಲ್ಲ ಸೇರಿ 90 ಕಿಲೊ ತೂಗುವವರಿಗೆ ಕಡಲಲ್ಲಿ ಎರಡು ಕಿಲೊಗೂ ಮೀರಿ ಹೆಚ್ಚು ಸೀಸ ಬೇಕು.

ಆದ್ದರಿಂದ ಬೇರೆ ಸೂಟು, ಬೇರೆ ನೀರು ಅಂದ ಕೂಡಲೇ ತೂಕ ಪರೀಕ್ಷೆ ಮತ್ತೆ ಮಾಡಿ. ಮೇಲ್ಮೈಯಲ್ಲಿ ನೆಟ್ಟಗೆ ನಿಂತು, ಬಿಸಿಡಿ ಎನ್ನುವ ತೇಲುಜಾಕೆಟ್‌ನ ಗಾಳಿ ಪೂರ್ತಿ ಬಿಟ್ಟು, ಸಾಮಾನ್ಯ ಉಸಿರು ಹಿಡಿದು ಕಾಲಾಡಿಸದೆ ಇರಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರ್‌ನಲ್ಲಿ ಹೀಗೆ ನೋಡಿದರೆ ಇನ್ನೆರಡು ಕಿಲೊ ಸೇರಿಸಿ. 11 ಲೀಟರ್‌ನ ಅಲ್ಯುಮಿನಿಯಂ ಸಿಲಿಂಡರ್, ಒಳಗಿನ ಗಾಳಿಯ ಒತ್ತಡ 200 ಬಾರ್‌ನಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು ಎರಡು ಕಿಲೊ ಗಾಳಿ ಖರ್ಚಾಗಿ ಹಗುರಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೊನೆಯಲ್ಲಿ 5 ಮೀಟರ್‌ನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲಬೇಕಾದ ಹೊತ್ತಿಗೆ ಬೆಂಡಿನ ಹಾಗೆ ಮೇಲೆದ್ದು ಬಿಡುತ್ತೀರಿ. ಹೆದರಿ ಹೆಚ್ಚು ಸೀಸ ಕಟ್ಟಿಕೊಂಡರೆ ಇನ್ನೊಂದು ಕಷ್ಟ: ಆಳದಲ್ಲಿ ಸೂಟು ಕುಗ್ಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನು ತುಂಬಲು ಜಾಕೆಟ್‌ಗೆ ಗಾಳಿ ತುಂಬುತ್ತಾ ಹೋಗುತ್ತೀರಿ, ಮೇಲೆ ಬರುವಾಗ ಆ ಗಾಳಿಯೆಲ್ಲ ಹಿಗ್ಗಿ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ.

ಮೈ ಮುಚ್ಚುವ ಬಟ್ಟೆ ಬೇಕೆನ್ನುವ ಹೆಣ್ಣುಮಕ್ಕಳು ಕೇಂದ್ರದ ಸೂಟಿನೊಳಗೆ ತಮ್ಮ ಲೈಕ್ರಾ ರ‍್ಯಾಶ್‌ಗಾರ್ಡ್, ಲೆಗ್ಗಿಂಗ್ಸ್ ಧಾರಾಳವಾಗಿ ಹಾಕಿಕೊಳ್ಳಬಹುದು. ಲೈಕ್ರಾ ತೇಲುವುದಿಲ್ಲ, ಸೀಸದ ಲೆಕ್ಕ ಬದಲಾಗುವುದಿಲ್ಲ. ಚೂಡಿದಾರ, ಜೀನ್ಸ್, ದಪ್ಪ ಹತ್ತಿಬಟ್ಟೆ ಮಾತ್ರ ಬೇಡ, ನೀರು ಹೀರಿ ಎಳೆಯುತ್ತವೆ.

ಇನ್ನು ರೆಗ್ಯುಲೇಟರ್, ಬಿಸಿಡಿ. ಇವೆರಡನ್ನು ಕಲಿಕೆ ಮುಗಿಯುವವರೆಗೆ ಕೇಂದ್ರದ್ದನ್ನೇ ಬಳಸಿ ಎಂದು ನಾವು ಒತ್ತಿ ಹೇಳುತ್ತೇವೆ. ಕೇಂದ್ರದ ಸಲಕರಣೆ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ ಎಂದಲ್ಲ. ಅದು ಎಲ್ಲ ಕಲಿಯುವವರಿಗೂ ಒಂದೇ ಥರ ಇರುತ್ತದೆ ಎಂಬುದು ಮುಖ್ಯ. ನಾಲ್ಕು ಜನರನ್ನು ಕರೆದುಕೊಂಡು ಇಳಿದ ಇನ್‌ಸ್ಟ್ರಕ್ಟರ್, ಒಬ್ಬರು ಗಾಬರಿಯಾದಾಗ ಕಣ್ಣಲ್ಲಿ ಹುಡುಕುತ್ತಾ ಕೂರುವುದಿಲ್ಲ. ಕೈ ನೇರ ಜಾಕೆಟ್‌ಗೆ ಗಾಳಿ ತುಂಬುವ ಎಡಭುಜದ ಇನ್‌ಫ್ಲೇಟರ್‌ಗೆ ಹೋಗುತ್ತದೆ, ಸೀಸ ಬಿಡಿಸುವ ಕೊಂಡಿಗೆ ಹೋಗುತ್ತದೆ, ಹೆಚ್ಚುವರಿ ರೆಗ್ಯುಲೇಟರ್ ಆದ ಹಳದಿ ಆಕ್ಟೋಪಸ್‌ಗೆ ಹೋಗುತ್ತದೆ. ಅಲ್ಲಿ ಬೇರೇನೋ ಇದ್ದರೆ ಕಳೆದುಹೋಗುವ ಕೆಲವು ಸೆಕೆಂಡುಗಳೇ ದುಬಾರಿ. ಗಾಳಿ ಹಂಚಿಕೊಳ್ಳುವ ಪಾಠವನ್ನೇ ನೋಡಿ. ಸಾಮಾನ್ಯ ವ್ಯವಸ್ಥೆಯಲ್ಲಿ ಗಾಳಿ ಮುಗಿದವರಿಗೆ ಎದೆಯ ಮೇಲಿನ ಆಕ್ಟೋಪಸ್ ಕೊಡುತ್ತೇವೆ. ಎರಡು ಮೀಟರ್ ಪೈಪಿನ ವ್ಯವಸ್ಥೆಯಲ್ಲಿ ತನ್ನ ಬಾಯಲ್ಲಿರುವುದನ್ನೇ ಕೊಟ್ಟು, ಕುತ್ತಿಗೆಗೆ ತೂಗಿದ್ದನ್ನು ತಾನು ಕಚ್ಚಬೇಕು. ಎರಡೂ ಒಳ್ಳೆಯ ಪದ್ಧತಿಗಳೇ. ಆದರೆ ಒಂದೇ ತರಗತಿಯಲ್ಲಿ ಒಬ್ಬರು ಹಾಗೆ, ಇನ್ನೊಬ್ಬರು ಹೀಗೆ ಕಲಿತರೆ ಜೋಡಿಯಾದ ದಿನ ಇಬ್ಬರ ಕೈಯೂ ತಪ್ಪು ಕಡೆಗೆ ಹೋಗುತ್ತದೆ. ಬೆನ್ನ ಹಿಂದೆ ಮಾತ್ರ ಗಾಳಿ ತುಂಬುವ ವಿಂಗ್ ಬಿಸಿಡಿಯೂ ಹಾಗೇ: ನೀರೊಳಗೆ ಸೊಗಸು, ಆದರೆ ಮೇಲ್ಮೈಯಲ್ಲಿ ಪೂರ್ತಿ ಉಬ್ಬಿಸಿದರೆ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಒರಗಿ ತೇಲಲು ಗೊತ್ತಿಲ್ಲದ ಹೊಸಬರು ನೀರು ಕುಡಿಯುತ್ತಾರೆ.

ಈಗಾಗಲೇ ಕೊಂಡುಬಿಟ್ಟಿದ್ದೇವೆ ಎನ್ನುವವರಿಗೆ ದಾರಿಯಿಲ್ಲವೆಂದಲ್ಲ. ಹೋಗುವ ಒಂದು ವಾರ ಮುಂಚೆ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿ. ‘ಸರ್, ನನ್ನದು ಯೋಕ್ ರೆಗ್ಯುಲೇಟರ್, ಸರ್ವಿಸ್ ಆಗಿ ಇಷ್ಟು ತಿಂಗಳಾಗಿದೆ, ಫೋಟೊ ಕಳಿಸಿದ್ದೇನೆ’ ಎಂದು ಹೇಳುವಷ್ಟು ಮಾಹಿತಿ ನಿಮ್ಮ ಬಳಿ ಇರಲಿ. ಯೋಕ್ ಎಂದರೆ ಸಿಲಿಂಡರ್‌ನ ವಾಲ್ವ್ ಮೇಲೆ ಕ್ಲಾಂಪಿನಂತೆ ಕೂರುವುದು, ಡಿನ್ ಎಂದರೆ ವಾಲ್ವ್‌ನೊಳಕ್ಕೆ ತಿರುಗಿಸಿ ಕೂರಿಸುವುದು. ಡಿನ್ ರೆಗ್ಯುಲೇಟರನ್ನು ಅಡಾಪ್ಟರ್ ಹಾಕಿ ಯೋಕ್ ವಾಲ್ವ್‌ಗೆ ಜೋಡಿಸಬಹುದು. ಯೋಕ್ ರೆಗ್ಯುಲೇಟರ್ ಮಾತ್ರ, ವಾಲ್ವ್‌ನೊಳಗೆ ತೆಗೆದು ಹಾಕುವ ಬಿಲ್ಲೆ ಇದ್ದರಷ್ಟೇ ಡಿನ್ ವಾಲ್ವ್‌ಗೆ ಕೂರುತ್ತದೆ. ಇನ್‌ಫ್ಲೇಟರ್ ಪೈಪಿನ ತುದಿಯನ್ನೂ ನೋಡಿ. ಇನ್‌ಫ್ಲೇಟರ್‌ನಲ್ಲೇ ಎರಡನೇ ರೆಗ್ಯುಲೇಟರ್ ಸೇರಿರುವ ಬಗೆಯಲ್ಲಿ ಕೊಂಡಿಯ ಅಳತೆ ಬೇರೆ ಇರಬಹುದು, ದೋಣಿಯ ಮೇಲೆ ಅದು ಗೊತ್ತಾದರೆ ಪ್ರಯೋಜನವಿಲ್ಲ. ಮೊದಲ ಸಲ ಹಾಕುವುದು ಈಜುಕೊಳದಲ್ಲೇ ಆಗಲಿ, ಕಡಲಲ್ಲಿ ಅಲ್ಲ. ನಿಮ್ಮ ಜೋಡಿಗೂ ಕೊಂಡಿಗಳನ್ನು ಮುಟ್ಟಿಸಿ ತೋರಿಸಿ.

ಸೆಕೆಂಡ್‌ಹ್ಯಾಂಡ್ ರೆಗ್ಯುಲೇಟರ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ರೆಗ್ಯುಲೇಟರ್‌ನಲ್ಲಿ ವಾಲ್ವ್‌ಗೆ ಕೂರುವ ಭಾಗ, ಅಂದರೆ ಫಸ್ಟ್ ಸ್ಟೇಜ್, ಸಿಲಿಂಡರ್‌ನ 200 ಬಾರ್ ಒತ್ತಡವನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು 9–10 ಬಾರ್ ಹೆಚ್ಚಿರುವ ಮಟ್ಟಕ್ಕೆ ಇಳಿಸಿ ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜ್‌ಗೆ ಕಳಿಸುತ್ತದೆ. ಒಳಗಿನ ಸೀಟು ಸವೆದಿದ್ದರೆ ಆ ಮಧ್ಯದ ಒತ್ತಡ ನಿಧಾನವಾಗಿ ಏರುತ್ತಾ ಹೋಗಿ, ಬಾಯಲ್ಲಿ ಗಾಳಿ ನಿಲ್ಲದೆ ಸುರಿಯುತ್ತದೆ. ಪೈಪುಗಳ ಎರಡೂ ತುದಿಯ ರಬ್ಬರ್ ಹೊದಿಕೆ ಹಿಂದೆ ಸರಿಸಿ, ಬಗ್ಗಿಸಿ ನೋಡಿ. ಬಿರುಕು ಇರುವುದು ಅಲ್ಲೇ. ಸಿಲಿಂಡರ್ ತೆರೆದು ಗೇಜ್ ನೋಡುತ್ತಾ ನಾಲ್ಕು ಸಲ ಜೋರಾಗಿ ಉಸಿರಾಡಿ. ಮುಳ್ಳು ಪ್ರತಿ ಉಸಿರಿಗೂ ಕೆಳಗೆ ಜಿಗಿದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಒಳಗೆ ಅಡಚಣೆಯಿದೆ. ನೈರ್ಮಲ್ಯದ ಚಿಂತೆ ಇರುವವರಿಗೆ ಒಳ್ಳೆಯ ಉಪಾಯವೆಂದರೆ ಸ್ವಂತ ಮೌತ್‌ಪೀಸ್ ಒಯ್ದು ಕೇಂದ್ರದವರ ಕೈಯಲ್ಲೇ ಹಾಕಿಸುವುದು. ಕೇಬಲ್ ಟೈ ಬಿಗಿಯಾಗಿ ಕೂತಿದೆಯೇ ಎಂದು ಎಳೆದು ನೋಡಿ. ಸಡಿಲವಿದ್ದರೆ ಮೌತ್‌ಪೀಸ್ ಹಲ್ಲಿನಲ್ಲೇ ಉಳಿದು ರೆಗ್ಯುಲೇಟರ್ ಕೆಳಗೆ ಜಾರುತ್ತದೆ.

ಆಳ, ಸಮಯ ಅಳೆದು ಎಷ್ಟು ಹೊತ್ತು ಇರಬಹುದೆಂದು ಹೇಳುವ ಡೈವ್ ಕಂಪ್ಯೂಟರ್ ಸ್ವಂತದ್ದು ಇದ್ದರೆ ಒಳ್ಳೆಯದು, ಅದನ್ನು ಇಬ್ಬರು ಹಂಚಿಕೊಳ್ಳಬಾರದು. ನೀರು ತಡೆಯುವ ಮಟ್ಟ ‘5 ಎಟಿಎಂ’ ಎಂದು ಬರೆದಿರುವ ಸ್ಮಾರ್ಟ್‌ವಾಚ್ ಡೈವ್ ಕಂಪ್ಯೂಟರ್ ಅಲ್ಲ. ಇಳಿಯುವ ಮುಂಚೆ ಸ್ಕೂಬಾ ಮೋಡ್, ಶೇ 21 ಆಮ್ಲಜನಕ, ಉಪ್ಪುನೀರು ಎಂದು ಇದೆಯೇ ನೋಡಿ. ಫ್ರೀಡೈವ್ ಮೋಡ್‌ನಲ್ಲಿ ಇಳಿದರೆ ಅದು ಮೈಯಲ್ಲಿ ಕರಗುವ ಸಾರಜನಕದ ಲೆಕ್ಕ ಇಡುವುದಿಲ್ಲ. ಕ್ಯಾಮೆರಾ, ಚಾಕು, ಕೈಗವಸು ಮೂರನ್ನೂ ಮನೆಯಲ್ಲೇ ಬಿಡಿ. ಕಲಿಯುವಾಗ ಕೈಗಳು ಖಾಲಿ ಇರಬೇಕು.

ನಮ್ಮ ಜಿಲ್ಲೆಗಳಿಗೇ ಸಂಬಂಧಿಸಿದ ಕೆಲವು ಎಚ್ಚರಿಕೆಗಳಿವೆ. ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಬೆನ್ನಿಗೆ ಹಾಕುವ ಉಸಿರಾಟದ ಬಿಎ ಸೆಟ್ ನೋಡಲು ಸ್ಕೂಬಾದಂತೆಯೇ ಇದ್ದರೂ ಅದು ಹೊಗೆ, ಅನಿಲಕ್ಕೆ ಮಾಡಿದ್ದು, ನೀರಿಗಲ್ಲ. ವೆಲ್ಡಿಂಗ್ ಅಂಗಡಿಯ ಇಲ್ಲವೇ ಆಸ್ಪತ್ರೆಯ ಆಮ್ಲಜನಕವನ್ನು ಡೈವ್ ಸಿಲಿಂಡರ್‌ಗೆ ತುಂಬಿಸುವ ಯೋಚನೆ ಕೂಡ ಬೇಡ. ಶುದ್ಧ ಆಮ್ಲಜನಕ 6 ಮೀಟರ್‌ಗಿಂತ ಕೆಳಗೆ ಫಿಟ್ಸ್ ತರುವಷ್ಟು ವಿಷವಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನ ಗಾಳಿಯಲ್ಲಿ ಎಣ್ಣೆಯ ಆವಿ ಇರುತ್ತದೆ. ಹೊಸ ಸಲಕರಣೆಯನ್ನು ಸಾಣಾಪುರ ಕೆರೆಯಲ್ಲೋ, ಜಲಾಶಯದ ಹಿನ್ನೀರಿನಲ್ಲೋ, ಆನೆಗೊಂದಿಯ ಹೊಳೆಯಲ್ಲೋ ಒಬ್ಬರೇ ಪರೀಕ್ಷಿಸಬೇಡಿ. ಸುಳಿ, ಬಂಡೆ ಸಂದು, ಮೊಸಳೆ ಇವೆಲ್ಲ ಇರುವ ನೀರು ಅದು. ಮೇಲಾಗಿ ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ, ಅಂದರೆ ಸುಮಾರು 498 ಮೀಟರ್. 300 ಮೀಟರ್ ಎತ್ತರ ದಾಟಿದ ಮೇಲೆ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಕಡಲಿನ ಡೈವ್ ಕೋಷ್ಟಕಗಳನ್ನು ಹಾಗೇ ಬಳಸುವಂತಿಲ್ಲ.

ಬಿಸಿಲೂ ಸಲಕರಣೆಯ ಶತ್ರು. ರಾಯಚೂರಿನ ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಫಿನ್ ಡೊಂಕಾಗುತ್ತದೆ, ಕಂಪ್ಯೂಟರ್‌ನ ಬ್ಯಾಟರಿ ಸಾಯುತ್ತದೆ. ಕಡಲಿನಿಂದ ಬಂದ ಮೇಲೆ ಎಲ್ಲವನ್ನೂ ಅರ್ಧ ಗಂಟೆ ಸಿಹಿನೀರಿನಲ್ಲಿ ನೆನೆಸಿ. ಬೋರ್‌ವೆಲ್‌ನ ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಪದರ ಉಳಿಯುತ್ತದೆ, ನದಿಯ ನಲ್ಲಿ ನೀರೋ ಫಿಲ್ಟರ್ ನೀರೋ ಆದರೆ ಲೇಸು. ರೆಗ್ಯುಲೇಟರ್‌ನ ಧೂಳುಮುಚ್ಚಳವನ್ನು ಒರೆಸಿ ಹಾಕಿ, ನೆನೆಯುವಾಗ ಗಾಳಿ ಹೊರಬಿಡಿಸುವ ಪರ್ಜ್ ಗುಂಡಿ ಒತ್ತಬೇಡಿ. ಒತ್ತಿದರೆ ನೀರು ಪೈಪಿನೊಳಗೆ ಏರುತ್ತದೆ. ಒಣಗಿಸುವುದು ನೆರಳಲ್ಲಿ, ಮನೆಯೊಳಗೆ. ಸಂಡೂರಿನ ಅದಿರಿನ ಕೆಂಪು ಧೂಳು, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ಮಾಳಿಗೆಯ ಮೇಲೆ ಒದ್ದೆ ರೆಗ್ಯುಲೇಟರ್‌ಗೆ ಸೇರಿದರೆ ಅದರ ತೆಳು ವಾಲ್ವ್‌ಗಳು ಸರಿಯಾಗಿ ಮುಚ್ಚುವುದಿಲ್ಲ, ಉಸಿರಿನ ಜೊತೆ ನೀರು ಬರುತ್ತದೆ.

ಕೊನೆಯದಾಗಿ ನಮ್ಮ ಜಿಲ್ಲೆಗಳ ಈಜುಕೊಳ ನಡೆಸುವವರಲ್ಲಿ ಒಂದು ವಿನಂತಿ. ಬೇರೆಯವರಿಗೆ ಬಡಿಯುತ್ತದೆ ಎಂದು ಫಿನ್, ಮಾಸ್ಕ್‌ಗೆ ಹಲವೆಡೆ ಬಿಡುವುದಿಲ್ಲ. ಆ ಆತಂಕ ನ್ಯಾಯವಾದದ್ದೇ. ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಒಂದು ಗಂಟೆಯ ಕಾಲ, ವಾರಕ್ಕೆ ಒಂದು ದಿನ, ಒಂದೇ ಲೇನ್ ಕೊಟ್ಟರೂ ಸಾಕು. ಕಾವಲಿಗೆ ನಿಮ್ಮ ಜೀವರಕ್ಷಕರು ದಂಡೆಯ ಮೇಲಿರಲಿ. ಎದೆಮಟ್ಟದ ನೀರಿನಲ್ಲಿ ನಿಂತು ಮಾಸ್ಕ್‌ಗೆ ನೀರು ತುಂಬಿಸಿಕೊಂಡು ಊದಿ ಹೊರಹಾಕುವುದನ್ನು ಇಪ್ಪತ್ತು ಸಲ ಮಾಡಿಕೊಂಡು ಹೋದವರಿಗೆ ನೇತ್ರಾಣಿಯ ಮೊದಲ ಇಳಿತದಲ್ಲಿ ಮೀನು ನೋಡಲು ಪುರುಸೊತ್ತು ಸಿಗುತ್ತದೆ.

ಇಂತಿ,
ಸ್ಕೂಬಾ ತರಬೇತಿಯಲ್ಲಿ ತೊಡಗಿರುವ ಗೆಳೆಯರು,
ಗಂಗಾವತಿ, ಕೊಪ್ಪಳ ಜಿಲ್ಲೆ